ಗುಬ್ಬಿಯಲ್ಲಿ ಮಾವನಿಗೆ ಜಾಗವಿಲ್ಲ

ನನ್ನ ಮಾವನವರ ಬಾಯಿಂದ ಒಂದೇ ಒಂದು ‘ಭೇಷ್’ ಕೇಳಬೇಕೆಂಬುದು ಮದುವೆಯಾದಾಗಿನಿಂದ ನನ್ನ ಏಕೈಕ ಆಸೆ. ಅವರು ಗುಬ್ಬಿಯ ನಿವೃತ್ತ ಹೆಡ್‌ಮಾಸ್ಟರ್. ನಾನು ತುಮಕೂರಿನ ಒಬ್ಬ ಗುಮಾಸ್ತ. ನನ್ನ ಕೈಬರಹದಿಂದ ಹಿಡಿದು ನಾನು ಊಟ ಮಾಡುವ ರೀತಿಯವರೆಗೆ ಎಲ್ಲವನ್ನೂ ಅವರು ತಿದ್ದಿದ್ದಾರೆ. ಹೀಗಿರುವಾಗ, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದು ಇಂಟರ್‌ನೆಟ್ಟಿನಲ್ಲಿ, ಅದೂ ಕನ್ನಡದಲ್ಲೇ ಶುರುವಾಗಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಮಾವನವರನ್ನೇ ವಿಶ್ವಕೋಶಕ್ಕೆ ಸೇರಿಸಿಬಿಟ್ಟರೆ? ನಮ್ಮ ಶೆಟ್ಟಿಹಳ್ಳಿ ಬಡಾವಣೆಯ ಸೈಬರ್ ಸೆಂಟರಿಗೆ ಓಡಿದೆ.

‘ಗುಬ್ಬಿ’ ಎಂದು ಟೈಪ್ ಮಾಡಿದೆ. ಲೇಖನ ಆಗಲೇ ಇತ್ತು. ನೆಟ್ ಎಷ್ಟು ನಿಧಾನವೆಂದರೆ, ಫೋಟೊ ಇರಬೇಕಾದ ಚೌಕ ಖಾಲಿಯಾಗಿಯೇ ಉಳಿಯಿತು. ಪಕ್ಕದಲ್ಲಿ ಇದ್ದದ್ದು ಇಷ್ಟೇ: “ಗುಬ್ಬಿ ಬಲು ಚಿಕ್ಕದು. ಕಂದು ಬಣ್ಣ. ಜನರಿರುವ ಕಡೆ ಹೆಚ್ಚಾಗಿ ಕಾಣಸಿಗುತ್ತದೆ.”

ನನ್ನ ಮೈ ಉರಿದುಹೋಯಿತು. ತಾಲೂಕು ಕೇಂದ್ರವನ್ನು ಬಲು ಚಿಕ್ಕದು ಎನ್ನುವುದೇ? ರೈಲ್ವೆ ಸ್ಟೇಷನ್ ಇರುವ ಊರು! ಕಂದು ಬಣ್ಣವಂತೆ! ಬೇಸಿಗೆಯ ಧೂಳಿನಲ್ಲಿ ಹಾದುಹೋದ ಯಾವನೋ ಕುಣಿಗಲ್ಲಿನವನು ಬರೆದಿರಬೇಕು ಎಂದುಕೊಂಡೆ.

ಎಷ್ಟು ಬರೆಯಬೇಕು ಎಂಬುದೇ ಪ್ರಶ್ನೆ. ನನ್ನ ಹೆಂಡತಿ ಸುಧಾಳನ್ನು ಕೇಳಿದರೆ, ತೌರಿನ ವಿಷಯದಲ್ಲಿ ಏನನ್ನೂ ಬಿಡುವ ಹಾಗಿಲ್ಲ ಎಂದಳು. ಕೆರೆ, ಸಂತೆ, ತೆಂಗಿನಕಾಯಿ ಮಂಡಿ ಬರೆದೆ. ಮಾವನವರ ಮನೆಯ ಜಗುಲಿ, ಅವರ ಬೆತ್ತ, ಆ ಬೆತ್ತದ ರುಚಿ ಕಂಡು ಮುಂದೆ ಬಂದವರು, ಬಚ್ಚಲಲ್ಲಿ ಅವರು ಹಾಡುವ ದೇವರನಾಮ, ಎಲ್ಲ ಬರೆದೆ. “ಬೆಳಗಿನ ಜಾವ ಇವರ ದನಿ ಇಡೀ ಬೀದಿಗೆ ಕೇಳಿಸುತ್ತದೆ” ಎಂದು ಭಕ್ತಿಯಿಂದ ಮುಗಿಸಿದೆ.

ಮಾರನೆಯ ದಿನ ನೋಡಿದರೆ ಮಾವ ಮಾಯ! ಕಣ್ಣಿಗೆ ಕಾಣದ ಸಂಪಾದಕನೊಬ್ಬ ಎಲ್ಲವನ್ನೂ ಅಳಿಸಿ, “ಇಷ್ಟು ವಿವರ ಅನಗತ್ಯ” ಎಂದು ಬರೆದಿದ್ದ. ಮತ್ತೆ ಸೇರಿಸಿದೆ. ಮತ್ತೆ ಅಳಿಸಿದ. ಈ ಸಲ, “ವಿಷಯಕ್ಕೆ ಸಂಬಂಧವಿಲ್ಲ.” ಗುಬ್ಬಿಯಲ್ಲೇ ಹುಟ್ಟಿ ಬೆಳೆದ ಹೆಡ್‌ಮಾಸ್ಟರಿಗೆ ಇಲ್ಲದ ಸಂಬಂಧ ತಮಗೇನಿದೆ ಎಂದು ಸವಾಲು ಹಾಕಿದೆ. ಬಡಪಾಯಿ, ಏನೆಂದುಕೊಂಡನೋ. ಕೊನೆಗೆ ನಾನೇ ಸೋತು ಜಗುಲಿ ಬಿಟ್ಟೆ, ಬೆತ್ತ ಬಿಟ್ಟೆ, ಆ ದನಿಯ ಸಾಲೊಂದನ್ನೇ ಸೇರಿಸಿ ಬಂದೆ. ಅಷ್ಟನ್ನು ಯಾರು ತಾನೇ ಅಳಿಸುತ್ತಾರೆ?

ಅಷ್ಟರಲ್ಲಿ ಸುಧಾ ಗುಬ್ಬಿಗೆ ಫೋನ್ ಮಾಡಿ ಆಗಿತ್ತು. ಮಾವನವರು ಇಸ್ತ್ರಿ ಪಂಚೆಯುಟ್ಟು, ಶಲ್ಯ ಹೊದ್ದು ಬಂದಿಳಿದರು. ಸೈಬರ್ ಸೆಂಟರಿನಲ್ಲಿ ಕನ್ನಡಕ ಒರೆಸಿಕೊಂಡು ಕುಳಿತರು. ಅವತ್ತು ನೆಟ್ ಚೆನ್ನಾಗಿತ್ತು. ಅದೇ ನನ್ನ ದುರದೃಷ್ಟ. ಖಾಲಿ ಚೌಕ ಮೇಲಿನಿಂದ ನಿಧಾನವಾಗಿ ತುಂಬತೊಡಗಿತು. ಕೊಕ್ಕು ಬಂತು. ರೆಕ್ಕೆ ಬಂತು. ಕೊನೆಗೆ ಎರಡು ಸಣ್ಣ ಕಾಲೂ ಬಂದವು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವನವರು ಹಕ್ಕಿಯನ್ನು ನೋಡಿದರು, ಆಮೇಲೆ ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ಬಲು ಚಿಕ್ಕದು, ಕಂದು ಬಣ್ಣ ಎಲ್ಲ ಮುಗಿದು ಕೊನೆಯ ಸಾಲು ಬಂತು: “ಬೆಳಗಿನ ಜಾವ ಇವುಗಳ ದನಿ ಇಡೀ ಬೀದಿಗೆ ಕೇಳಿಸುತ್ತದೆ.” ಸಂಪಾದಕ ಪುಣ್ಯಾತ್ಮ ನನ್ನ ಸಾಲನ್ನು ಉಳಿಸಿಕೊಂಡಿದ್ದ. ‘ಇವರ’ ಎಂಬುದನ್ನು ಮಾತ್ರ ‘ಇವುಗಳ’ ಎಂದು ತಿದ್ದಿದ್ದ.

“ಅಳಿಯಂದ್ರೇ, ಇದ್ರಲ್ಲಿ ನನ್ ವಿಷ್ಯ ಎಲ್ಲಿದೆ?”

ಬೇರೆ ದಾರಿಯಿಲ್ಲದೆ ಆ ಸಾಲಿನ ಮೇಲೆ ಬೆರಳಿಟ್ಟೆ.

ಅವರು ಕನ್ನಡಕ ತೆಗೆದು ಮಡಚಿದರು. ಶಲ್ಯ ಸರಿಮಾಡಿಕೊಂಡು ಗುಬ್ಬಿ ಬಸ್ಸು ಹತ್ತಿದರು. ಕೆಲವು ದಿನ ಕಳೆದ ಮೇಲೆ ತೌರಿನ ಫೋನ್ ಮುಗಿಸಿದ ಸುಧಾ ನನ್ನ ಕಡೆ ತಿರುಗಿದಳು.

“ಅಪ್ಪ ಈಗ ಸದ್ದೇ ಇಲ್ದೆ ಸ್ನಾನ ಮಾಡ್ತಾರಂತೆ ಕಣ್ರೀ. ಪಕ್ಕದ್ಮನೆಯವ್ರು ನಿಮ್ಗೆ ಭೇಷ್ ಅಂದ್ರಂತೆ.”