ಸಮತಟ್ಟಾದ ಜಾಗ

"ಬೆಳಿಗ್ಗೆ ಸಲೀಸಾಗಿ ಕಳಚಿಕೊಂಡ ಪೈಪು ಈಗ ಯಾಕೆ ಒಳಗೆ ಹೋಗ್ತಿಲ್ಲ?"

ಅಳಿಯ ಯಾರನ್ನೂ ಕೇಳಿದ್ದಲ್ಲ. ಕೇಳಬೇಕಾಗಿದ್ದ ಮಾವ ಸ್ಮಶಾನದ ಪ್ರಾರ್ಥನೆಯ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ, ಸಕಲ ಪ್ರಶ್ನೆಗಳಿಂದ ಬಿಡುಗಡೆ ಪಡೆದು ಮಲಗಿದ್ದರು.

ಮಾವ ಆ ಸ್ಮಶಾನದ ಪುಟ್ಟ ಟ್ರ್ಯಾಕ್ಟರಿನ ಚಾಲಕರು. ಅದರ ಮೂತಿಗೆ ಸಿಕ್ಕಿಸುವ ಲೋಡರ್, ಅಂದರೆ ಎರಡು ಕಬ್ಬಿಣದ ತೋಳು, ತುದಿಗೊಂದು ಬಕೆಟ್ಟು. ಅದರಿಂದಲೇ ಅವರು ಅರ್ಧ ಊರಿಗೆ ಕೊನೆಯ ಮನೆ ತೋಡಿಕೊಟ್ಟಿದ್ದರು. ಅವರ ಕೈಕೆಳಗೆ ಕೆಲಸಕ್ಕಿದ್ದವನು ಅಳಿಯ. ಮದುವೆಯಾಗಿದ್ದು ಒಬ್ಬಳನ್ನಾದರೂ ಇಡೀ ಸ್ಮಶಾನಕ್ಕೆ ಅವನು ಅಳಿಯನೇ.

ಬೆಳಿಗ್ಗೆ ಅತ್ತೆ ಕಣ್ಣೊರೆಸಿಕೊಂಡು ಹೇಳಿದ್ದರು: "ಅವರು ಓಡಿಸಿದ ಗಾಡೀಲೇ ಅವರು ಬರಲಿ. ಆದ್ರೆ ಆ ಬಕೆಟ್ಟು ಬೇಡ. ಮಣ್ಣು ಹೊತ್ತ ಹಾಗೆ ಹೊತ್ಕೊಂಡು ಹೋದ್ರು ಅಂತ ಜನ ಆಡ್ಕೋಬಾರದು. ಇದೊಂದನ್ನಾದ್ರೂ ಸರಿಯಾಗಿ ಮಾಡಪ್ಪ."

ಲೋಡರ್ ಬಿಚ್ಚುವ ಬಗ್ಗೆ ಮಾವ ಕಲಿಸಿದ್ದು ಎರಡೇ ಮಾತು. ಸಮತಟ್ಟಾದ ಜಾಗದಲ್ಲಿ ಬಿಚ್ಚು ಎಂಬುದು ನೆನಪಿತ್ತು. ಗುಡ್ಡದ ಓರೆಯ ಆ ಸ್ಮಶಾನದಲ್ಲಿ ಸಮವಾಗಿದ್ದದ್ದು ಬೇಲಿಯ ಬದಿಯ ಒಂದೇ ತುಂಡು ನೆಲ. ಅಲ್ಲೇ ಇಳಿಸಿ, ಆಸರೆ ಕೊಟ್ಟು, ಪಿನ್ನು ಕಿತ್ತು, ತೋಳನ್ನು ಎತ್ತಿ ಇಳಿಸುವ ಎಣ್ಣೆಯ ಎರಡು ಪೈಪು ಕಳಚಿ ಬಂದಿದ್ದ. ಎಂಜಿನ್ ನಿಲ್ಲಿಸಿದ ಮೇಲೆ ಲಿವರ್ ಆಡಿಸಿ ಎಣ್ಣೆಯ ಒತ್ತಡ ಇಳಿಸು ಎಂಬುದು ಎರಡನೆಯದು. ಅದು ಮರೆತುಹೋಗಿ, ಒತ್ತಡ ಪೈಪಿನೊಳಗೇ ಉಳಿದಿತ್ತು. ಮಾವನಿಗೆ ಇನ್ನೂ ಗುಂಡಿಯೇ ತೋಡಿಲ್ಲವೆಂದು ನೆನಪಾಗಿ ಈಗ ಮತ್ತೆ ಜೋಡಿಸಹೋದರೆ, ಆ ಒತ್ತಡಕ್ಕೆ ಪೈಪು ಒಳಗೆ ಹೋಗದು.

ಅಷ್ಟರಲ್ಲಿ ಸ್ಮಶಾನದ ಮೇಲ್ವಿಚಾರಕರು ಏದುಸಿರು ಬಿಡುತ್ತ ಬಂದರು.

"ಅಯ್ಯೋ ಪುಣ್ಯಾತ್ಮ, ಎಲ್ಲಿ ಕೂರಿಸಿದ್ದೀಯೋ ಇದನ್ನ? ಅದು ನಿಮ್ಮ ಮಾವನ ಜಾಗ! ದಿನಾ ಸಂಜೆ ನೀರು ಹಾಕಿ, ಬಡಿದು ಬಡಿದು ಸಮ ಮಾಡ್ತಿದ್ರು. 'ಇದು ನನಗೆ ಬೇಕು ಸಾರ್, ಯಾರಿಗೂ ಕೊಡಬೇಡಿ' ಅಂತ ನನ್ನ ಕೈಲಿ ಮಾತು ತಗೊಂಡಿದ್ರು."

ಅಳಿಯ ಸೂರ್ಯನ ಕಡೆ ನೋಡಿದ. ಹೊತ್ತು ಮುಳುಗುವುದರೊಳಗೆ ಮಾವ ಮಣ್ಣು ಸೇರಬೇಕು. ಕೈಯಲ್ಲೇ ಅಗೆಯೋಣವೆಂದರೆ ಲೋಡರ್ ಆ ಜಾಗದ ಮೇಲೇ ಕಾವಿಗೆ ಕೂತ ಕೋಳಿಯ ಹಾಗೆ ಕೂತಿದೆ. ಎಣ್ಣೆ ಹರಿಯದೆ ತೋಳು ಅಲುಗದು, ತೋಳು ಅಲುಗದೆ ಪಿನ್ನು ಕೂಡದು, ಪಿನ್ನು ಕೂಡದೆ ಲೋಡರ್ ಏಳದು.

"ಹತ್ತು ಜನ ಸೇರಿ ಎತ್ತಿದ್ರೆ ಆಯ್ತಪ್ಪ," ಎಂದಳು ಬಾಗಿಲ ಬಳಿ ಹೂ ಮಾರುವ ಹೂವಿನಕ್ಕ.

"ಎತ್ತಿ ಸೊಂಟ ಮುರ್ಕೊಂಡು ಸತ್ರೆ ಹತ್ತು ಜನಕ್ಕೂ ನಿನ್ನ ಹತ್ರಾನೇ ಹೂ. ವ್ಯಾಪಾರ ನೋಡು ಇವಳದು!" ಎಂದ ಸಮಾಧಿಗೆ ಕಲ್ಲು ಕೆತ್ತುವ ಉಳಿಯಣ್ಣ. ಪೈಪನ್ನು ಮುಟ್ಟಿ ನೋಡಿದ. "ಬಿಸಿಲಿಗೆ ಎಣ್ಣೆ ಉಬ್ಬಿದೆ. ಸರ್ಕೋ, ಒಂದೇ ಏಟು."

"ಅಣ್ಣಾ, ಬೇಡ..."

ಏಟು ಬಿತ್ತು. ಪೈಪಿನ ಬಾಯಿಂದ ಚಿಮ್ಮಿದ ಎಣ್ಣೆ, ಮಾವನಿಗೆ ಹೆಗಲು ಕೊಡಲೆಂದು ಅಳಿಯ ತೊಟ್ಟಿದ್ದ ಬಿಳಿ ಅಂಗಿಯನ್ನು ಮಸಿಬಟ್ಟೆ ಮಾಡಿತು. ಪೈಪು ಮಾತ್ರ ಟಕ್ಕೆಂದು ಕೂತಿತು.

ಹಿಂದೆ ಮುಂದೆ ಆಡಿಸಿ ಪಿನ್ನುಗಳನ್ನು ಜಡಿದ ಅಳಿಯ, ದೇವರನ್ನು ನೆನೆದು, ಬಕೆಟ್ಟು ಎತ್ತಲು ಲಿವರ್ ಎಳೆದ. ಬಕೆಟ್ಟು ಏಳಲಿಲ್ಲ. ಅದು ನೆಲವನ್ನು ಒತ್ತಿ, ಟ್ರ್ಯಾಕ್ಟರಿನ ಮೂತಿಯೇ ಆಕಾಶಕ್ಕೆ ಎದ್ದಿತು. ಎತ್ತುವ ಪೈಪೂ ಇಳಿಸುವ ಪೈಪೂ ಅದಲುಬದಲಾಗಿದ್ದವು.

"ನಿಮ್ಮ ಮಾವನೇ ಕೆಳಗಿಂದ ಎಳೀತಿದ್ದಾರೆ ಕಣೋ!" ಎಂದು ಹೂವಿನಕ್ಕ ಕೈ ಮುಗಿದಳು.

"ಸಾಯೋ ತನಕ ಎಳೆದಿದ್ದು ಸಾಲದು ಅಂತ," ಎಂದು ಅಳಿಯ ಗೊಣಗಿದ.

ಮತ್ತೆ ಬಿಚ್ಚುವ ಧೈರ್ಯ ಅವನಿಗಿರಲಿಲ್ಲ. ಎತ್ತಬೇಕಾದಾಗ ಇಳಿಸುವ ಕಡೆ ತಳ್ಳುತ್ತ, ಇಳಿಸಬೇಕಾದಾಗ ಎತ್ತುವ ಕಡೆ ಎಳೆಯುತ್ತ, ಮಾವ ಬಡಿದು ಬಡಿದು ಕಲ್ಲಾಗಿಸಿದ್ದ ಆ ನೆಲವನ್ನು ಕೆರೆದ. ಉಳಿದದ್ದನ್ನು ಗುದ್ದಲಿಯಿಂದ ಅಗೆದ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಕೊನೆಗೆ ಗುಂಡಿಯ ಅಂಚಿನಲ್ಲಿ ಕೂತು, ಬದುಕಿನಲ್ಲಿ ಒಂದನ್ನಾದರೂ ಸರಿಯಾಗಿ ಮಾಡಿದೆ ಎಂದು ಉಸಿರುಬಿಟ್ಟ.

ಪ್ರಾರ್ಥನೆ ಮುಗಿಸಿ ಬಂದ ಅತ್ತೆ ಗುಂಡಿಯನ್ನು ನೋಡಿದರು. ಅಳಿಯನನ್ನು ನೋಡಿದರು.

"ಇಲ್ಲಿ ಯಾರು ಸತ್ರಪ್ಪ?"

"ಮಾವ ತಮಗೆ ಅಂತ ಸಮ ಮಾಡಿಟ್ಟ ಜಾಗ ಅಲ್ವಾ ಅತ್ತೆ ಇದು?"

"ಇದು ಆ ಲೋಡರ್ ಬಿಚ್ಚಿಡೋಕೆ ಅಂತ ಮಾಡ್ಕೊಂಡಿದ್ದು! ಎಷ್ಟು ವರ್ಷ ಬೆನ್ನು ಮುರ್ಕೊಂಡ್ರು ಇದಕ್ಕೆ. ಅವರ ಜಾಗ ಅಲ್ಲಿ ಮೇಲೆ, ಅವರಮ್ಮನ ಪಕ್ಕ."

ಅಳಿಯ ತಲೆಯೆತ್ತಿದ. ಕಡಿದಾದ ದಾರಿ, ಎರಡೂ ಕಡೆ ಒತ್ತೊತ್ತಾಗಿ ಸಮಾಧಿಗಳು. ಲೋಡರ್ ಹೊತ್ತ ಟ್ರ್ಯಾಕ್ಟರ್ ಅಲ್ಲಿ ತಿರುಗುವುದು ಕನಸಿನ ಮಾತು. ಲೋಡರ್ ಬಿಚ್ಚಿ ಪೆಟ್ಟಿಗೆ ಎಳೆಸೋಣವೆಂದರೆ, ಬಿಚ್ಚಿಡಲು ಇದ್ದ ಒಂದೇ ಸಮನೆಲ ಈಗ ಗುಂಡಿ. ಪಶ್ಚಿಮದಲ್ಲಿ ಸೂರ್ಯ ಯಾರಿಗೂ ಕಾಯುವಂತಿರಲಿಲ್ಲ.

"ಅತ್ತೆ," ಎಂದ, ಎಣ್ಣೆ ಸುರಿಯುವ ಅಂಗಿಯಲ್ಲೇ ಕೈ ಜೋಡಿಸಿ. "ಇದೂ ಅವರದೇ ಬೆವರು ಬಿದ್ದ ನೆಲ. ಇಲ್ಲೇ ಮಲಗಿಸೋಣ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಸೆರಗು ಬಿಗಿದು, ಗುಡ್ಡದ ಕಡೆ ಮೊದಲ ಹೆಜ್ಜೆ ಇಟ್ಟಾಗಿತ್ತು.

"ಆಗಲ್ಲ."