ಹಸಿರಲ್ಲದ ಹಮ್ಮಿಂಗ್‌ಬರ್ಡ್

ಹೊಟ್ಟೆಯ ಭಯ ಮೊದಲು ಬಡಿಯುವುದು ಕಣ್ಣಿಗೆ. ಇದು ವೈದ್ಯರ ಮಾತಲ್ಲ, ನನ್ನ ಅನುಭವ. ಎಣ್ಣೆಯ ಬೆಲೆ ಕುಸಿದ ವರ್ಷಗಳಲ್ಲಿ ನಾನು ಒಮಾನಿನ ಸೂರ್‌ನ ಒಂದು ಗುತ್ತಿಗೆ ಕಂಪನಿಯಲ್ಲಿ ಇನ್ಸ್‌ಪೆಕ್ಷನ್ ಎಂಜಿನಿಯರ್ ಆಗಿದ್ದೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದಕ್ಕೇ ನನಗೆ ಸಂಬಳ. ಪ್ರತಿ ಗುರುವಾರ ಒಬ್ಬರಿಗಾದರೂ ‘ಖಲಾಸ್’ ಹೇಳಿ ಊರಿಗೆ ಕಳಿಸುತ್ತಿದ್ದ ಕಾಲ. ಹೆಸರು ಆರಿಸುವವರು ನಮ್ಮ ಇಂಗ್ಲಿಷ್ ಮ್ಯಾನೇಜರ್ ಎಂದು ಎಲ್ಲರೂ ನಂಬಿದ್ದೆವು.

ಅವರು ರಜೆಯಲ್ಲಿ ಕೋಸ್ಟರೀಕಾದ ಕಾಡಿಗೆ ಹೋಗಿ ಒಂದು ಹಮ್ಮಿಂಗ್‌ಬರ್ಡ್‌ನ ಫೋಟೋ ತೆಗೆದು, ‘ಗ್ರೀನ್ ಹರ್ಮಿಟ್’ ಎಂದು ಬರೆಸಿ ಕ್ಯಾಬಿನ್ನಿನಲ್ಲಿ ತೂಗುಹಾಕಿದ್ದರು. ಹರ್ಮಿಟ್ ಎಂದರೆ ಸನ್ಯಾಸಿ. ಸಂಸಾರವಂದಿಗನಾದ ನಾನು ಅವರನ್ನು ಮೆಚ್ಚಿಸಲು, ಮಗಳಿಗೆ ತೋರಿಸುತ್ತೇನೆಂದು ಹೇಳಿ ಫೋಟೋವನ್ನು ಮೊಬೈಲಿಗೆ ಇಳಿಸಿಕೊಂಡು ಮನೆಗೆ ಬಂದೆ. ಏಳನೇ ಕ್ಲಾಸಿನ ಮಗಳು ಅನಘಾ ಹಕ್ಕಿಗಳ ಹುಚ್ಚಿನವಳು. ಇಂಟರ್ನೆಟ್ಟಿನ ಒಂದೊಂದೇ ಚಿತ್ರದ ಪಕ್ಕ ಇಟ್ಟು ನೋಡಿ, ಹೆಸರು ತಪ್ಪು ಎಂದಳು. ಗ್ರೀನ್ ಹರ್ಮಿಟ್‌ಗೂ ಇದಕ್ಕೂ ಬಾಗಿದ ಕೊಕ್ಕು, ಬಿಳಿ ತುದಿಯ ಉದ್ದ ಬಾಲ. ಆದರೆ ಇದರ ಹೊಟ್ಟೆ ಮಾಸಲು ಕಂದು, ಬಾಲದ ಬುಡ ಕೆಂಗಂದು. ಇದು ‘ಲಾಂಗ್-ಬಿಲ್ಡ್ ಹರ್ಮಿಟ್’. ನನ್ನ ಕಣ್ಣಿಗೂ ಹಾಗೆಯೇ ಕಂಡಿತು. ನಾಳೆಯೇ ಸಾಹೇಬರಿಗೆ ಹೇಳುತ್ತೇನೆಂದು ಮಾತು ಕೊಟ್ಟೆ.

ಅವಳು ಆಚೆ ಹೋದ ಮೇಲೆ ಹೆಂಡತಿ ಶೈಲಜಾ ತಗ್ಗಿದ ದನಿಯಲ್ಲಿ, “ಸಾಹೇಬ್ರು ಹಸಿರ ಅಂದ್ರ ನೀವೂ ಹಸಿರ ಅನ್ರಿ. ಆ ಹಕ್ಕಿ ಬಂದು ನಿಮ್ಮ ಮ್ಯಾಲ ಕೇಸ್ ಹಾಕೂದಿಲ್ಲ” ಅಂದಳು. ಬಾಗಲಕೋಟೆಯವಳ ತರ್ಕಕ್ಕೆ ಎದುರಾಡಿ ನಾನು ಎಂದೂ ಗೆದ್ದವನಲ್ಲ. ಮರುದಿನ ಕ್ಯಾಬಿನ್ನಿಗೆ ಹೋಗಿ, ಇಷ್ಟು ಚೆಂದದ ಗ್ರೀನ್ ಹರ್ಮಿಟ್ ನಾನು ನೋಡಿಯೇ ಇಲ್ಲ ಎಂದೆ. ಅವರು ಹಿಗ್ಗಿದರು. ಸಂಜೆ ಮಗಳು ಕೇಳಿದಾಗ, ಹೇಳಿದೆ ಎಂದೆ.

ಎರಡು ತಿಂಗಳಲ್ಲಿ ಖಲಾಸ್ ಆದವರ ಪಟ್ಟಿ ಬಂತು. ಅದನ್ನು ಮಾಡಿದವರು ಎಲ್ಲೋ ದೂರದವರು. ಅದರಲ್ಲಿ ನಾನೂ ಇದ್ದೆ, ಸಾಹೇಬರೂ ಇದ್ದರು.

ಹೊರಡುವ ಮುನ್ನ ಅವರು ನನ್ನ ಅನುಭವಪತ್ರ ಕೊಡಲು ಮನೆಗೇ ಬಂದರು. ಮಗಳ ಹಕ್ಕಿಹುಚ್ಚಿನ ಸುದ್ದಿ ಅವರಿಗೆ ಗೊತ್ತಿತ್ತು, ಆ ಫೋಟೋವನ್ನು ಅವಳ ಕೈಗಿಟ್ಟರು. ಅನಘಾ ಕೆಳಗಿನ ಹೆಸರು ಓದಿ, “ಅಂಕಲ್, ದಿಸ್ ಈಸ್ ನಾಟ್ ಗ್ರೀನ್. ಅಪ್ಪಾ ಟೋಲ್ಡ್ ಯೂ, ನೋ?” ಅಂದಳು.

ಶೈಲಜಾಳ ಕೈಯಲ್ಲಿ ಚಹಾದ ತಟ್ಟೆ ಅಲ್ಲೇ ನಿಂತಿತು. ಸಾಹೇಬರು ಹಕ್ಕಿಯನ್ನು ನೋಡಿದರು, ಆಮೇಲೆ ನನ್ನನ್ನು. ಬಳಿಕ ಮಗಳತ್ತ ಬಾಗಿ ಇಂಗ್ಲಿಷಿನಲ್ಲಿ, “ಹೇಳಿದ್ದರು ಮಗೂ. ನಾನೇ ಕೇಳಲಿಲ್ಲ” ಎಂದರು.

ಅನಘಾ ಹೆಮ್ಮೆಯಿಂದ ನನ್ನತ್ತ ತಿರುಗಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ತಿಂದ ಯಾವ ಬೈಗುಳವೂ ನನಗೆ ಅಷ್ಟು ನಾಟಿರಲಿಲ್ಲ. ಆಗಲಾದರೂ ಬಾಯಿಬಿಡಬಹುದಿತ್ತು, ಕಳೆದುಕೊಳ್ಳಲು ನೌಕರಿಯೂ ಉಳಿದಿರಲಿಲ್ಲ. ಸಾಹೇಬರು ನನಗಾಗಿ ಹೇಳಿದ ಆ ಸುಳ್ಳಿಗೂ ನಾನು “ಎಸ್ ಸರ್” ಎಂದೆ.