ನಮ್ಮ ದುಂ ದುಂ ಮಾವ

ನಮ್ಮ ಮಾವ ಮೂವತ್ತೈದು ವರ್ಷಗಳಿಂದ ಹಾಡುಗಾರರು. ಈ ಮೂವತ್ತೈದು ವರ್ಷಗಳಲ್ಲಿ ಅವರು ಸ್ಟೇಜಿನ ಮೇಲೆ ಒಂದೇ ಒಂದು ಪದ ಹಾಡಿಲ್ಲ! ನಂಬುವುದಿಲ್ಲವೇ? ಶಿಡ್ಲಘಟ್ಟದಲ್ಲಿ ಯಾರನ್ನಾದರೂ ಕೇಳಿ ನೋಡಿ. "ಯಾರು, ದುಂ ದುಂ ಅವ್ರಾ?" ಎಂದು ಮನೆಯ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ.

ಮಾವ ಎಂದರೆ ರಕ್ತಸಂಬಂಧವೇನಲ್ಲ, ನಮ್ಮಪ್ಪನ ಗೆಳೆಯ. ಅಪ್ಪ, ಮಾವ, ಇನ್ನಿಬ್ಬರು ಸೇರಿ ನಾಲ್ವರ ತಂಡ. ವಾದ್ಯವಿಲ್ಲ, ನಾಲ್ಕು ಬಾಯಿಗಳಷ್ಟೇ. ಅಪ್ಪ ಹಾಡು ಹೇಳುತ್ತಿದ್ದರು. ಒಬ್ಬರದು ಬಾಯಿ ತಬಲ, ಇನ್ನೊಬ್ಬರದು ಬಾಯಿ ಪಿಟೀಲು. ಎಲ್ಲರ ಹಿಂದೆ ನಿಂತು ಹೊಟ್ಟೆಯ ಆಳದಿಂದ "ದುಂ ದುಂ ದುಂ ದುಂ" ಎನ್ನುವುದು ಮಾವನ ಕೆಲಸ. ಮೊದಲು ಅವರೂ ಎಲ್ಲರಂತೆ ವಾದ್ಯ ಇಟ್ಟುಕೊಂಡ ಆರ್ಕೆಸ್ಟ್ರಾದವರೇ. ಒಂದು ಮದುವೆಯ ದಿನ ವಾದ್ಯ ತರುತ್ತಿದ್ದ ವ್ಯಾನು ಚಿಂತಾಮಣಿ ರಸ್ತೆಯಲ್ಲಿ ಕೆಟ್ಟು ನಿಂತಿತಂತೆ. ಬೀಗರು ಗಲಾಟೆಗೆ ನಿಂತಾಗ, "ವಾದ್ಯ ತಾನೇ? ಬಾಯಲ್ಲೇ ಬಾರಿಸಿದ್ರೆ ಆಯ್ತಪ್ಪ" ಎಂದವರು ಮಾವ. ಮರುವಾರ ವ್ಯಾನು ರಿಪೇರಿಯಾಗಿ ಬಂತು. ಆದರೆ ಜನಕ್ಕೆ ವಾದ್ಯ ಬೇಡವಾಗಿತ್ತು, "ಬಾಯಿ ಆರ್ಕೆಸ್ಟ್ರಾ"ನೇ ಬೇಕಾಗಿತ್ತು.

ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಆ ಮಾತು ಏನಾಯಿತು ಎಂದು ಹೇಳುವುದಕ್ಕೇ ನಾನು ಬರೆಯಲು ಕುಳಿತಿರುವುದು. ಆದರೆ ಮಾವನ ವಿಷಯವನ್ನು ನೇರವಾಗಿ ಹೇಳಿ ಮುಗಿಸಲು ಆಗುವುದಿಲ್ಲ, ಸ್ವಲ್ಪ ಸುತ್ತಿ ಬಳಸಿಯೇ ಬರಬೇಕು.

ಮಾವನಿಗೆ ಹಗಲು ಕೆಲಸ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ. ಯಂತ್ರದ ಸದ್ದಿಗೆ ದನಿ ಸೇರಿಸಿ ಅಭ್ಯಾಸ ಮಾಡುವುದು ಅವರ ಪದ್ಧತಿ. ಒಂದು ದಿನ ಕರೆಂಟು ಹೋಯಿತು. ಹೊರಗೆ ಬೇವಿನ ಮರದಡಿ ಪೇಪರು ಓದುತ್ತಿದ್ದ ಮಾಲೀಕರಿಗೆ ಗೊತ್ತೇ ಆಗಲಿಲ್ಲ. ಅರ್ಧ ಗಂಟೆಯ ಮೇಲೆ ಒಳಗೆ ಬಂದು ನೋಡುತ್ತಾರೆ, ಯಂತ್ರ ನಿಂತಿದೆ, ಕೆಲಸದವರೆಲ್ಲ ಕಾಲು ಚಾಚಿ ಹರಟುತ್ತಿದ್ದಾರೆ, ಮಾವ ಮಾತ್ರ ಕಣ್ಣು ಮುಚ್ಚಿಕೊಂಡು ದುಂ ದುಂ ದುಂ!

"ಏಮಯ್ಯಾ, ಮಿಷನ್ ಓಡ್ತಾ ಐತೆ ಅಂದ್ಕೊಂಡಿದ್ನಲ್ಲ ನಾನು!"

"ಓಡ್ತಾನೇ ಇತ್ತು ಸಾರ್. ನೂಲು ಬರ್ತಿರ್ಲಿಲ್ಲ, ಅಷ್ಟೇ."

ಹಾಡುಗಾರರೆಲ್ಲ ಗಂಟಲನ್ನು ಜೋಪಾನ ಮಾಡಿದರೆ ಮಾವ ಜೋಪಾನ ಮಾಡುವುದು ಹೊಟ್ಟೆಯನ್ನು. ಕಾರ್ಯಕ್ರಮಕ್ಕೆ ಮುಂಚೆ ಅಪ್ಪ ಬಿಸಿನೀರು, ಕಾಳುಮೆಣಸು ಅಂತ ಒದ್ದಾಡುತ್ತಿದ್ದರೆ ಮಾವ ಬಸ್ಸಾರಿನಲ್ಲಿ ಎರಡು ಮುದ್ದೆ ಇಳಿಸುತ್ತಿದ್ದರು. "ಗಂಟ್ಲಲ್ಲಿ ಏನೈತೆ? ಅದು ಬರೀ ದಾರಿ. ಊರಿರೋದು ಹೊಟ್ಟೇಲಿ ಕಣಮ್ಮ" ಎಂದು ನನಗೆ ಉಪದೇಶ ಬೇರೆ. ಮೂರನೇ ಮುದ್ದೆ ತಿಂದರೆ ದನಿ ಮಲಗುತ್ತದಂತೆ. ದನಿಯೋ, ಇವರೋ?

ಮದುವೆಗೆ ಹೆಣ್ಣು ನೋಡಲು ಮುರುಗಮಲ್ಲದ ಹತ್ತಿರದ ಹಳ್ಳಿಗೆ ಹೋಗಿದ್ದಾಗಲೂ ಸುಮ್ಮನೆ ಕೂರಲಿಲ್ಲ ಈ ಪುಣ್ಯಾತ್ಮ. ಹುಡುಗಿಗೆ ಹಾಡು ಹೇಳು ಎಂದರು. ಪಾಪ, ಎರಡನೇ ಸಾಲು ಮರೆತು ತಲೆ ತಗ್ಗಿಸಿ ನಿಂತಳು. ಹಿರಿಯರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಗಂಡಿನ ಕುರ್ಚಿಯಿಂದ ಮೆಲ್ಲಗೆ "ದುಂ ದುಂ ದುಂ..." ಹುಡುಗಿ ಕಿಸಕ್ಕನೆ ನಕ್ಕಳು, ನಕ್ಕಿದ್ದಕ್ಕೆ ಸಾಲೂ ನೆನಪಾಯಿತು. ಆ ಹುಡುಗಿಯೇ ನಮ್ಮ ಅತ್ತೆ. "ಅವತ್ತು ಇವ್ರು ಬಾಯಿ ಮುಚ್ಕೊಂಡಿದ್ದಿದ್ರೆ ನಂಗೆ ಬ್ಯಾಂಕಿನವನು ಸಿಗ್ತಿದ್ದ" ಎಂದು ಅತ್ತೆ ಇಂದಿಗೂ ಹೇಳುತ್ತಾರೆ, ಹೇಳಿ ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಾರೆ.

ತಂಡದಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಹಾಡೂ ಮಾವನಿಂದಲೇ ಶುರು. ನಾಲ್ಕು ಸುತ್ತು ದುಂ ದುಂ ಆದ ಮೇಲೆ ಅಪ್ಪ ಪಲ್ಲವಿ ಎತ್ತಬೇಕು. ಅಪ್ಪ ಎತ್ತುವವರೆಗೂ, ಆಕಾಶ ಕಳಚಿ ಬಿದ್ದರೂ ಮಾವ ನಿಲ್ಲಿಸುವಂತಿಲ್ಲ. ಗೌರಿಬಿದನೂರಿನಲ್ಲಿ ಒಂದು ಮದುವೆ, ಕುಡುಮಲಕುಂಟೆಯ ಕಾರ್ಖಾನೆಯ ಹುಡುಗನದು. ಸಭೆ ತುಂಬಾ ಅವನ ಜೊತೆ ಕೆಲಸ ಮಾಡುವವರೇ. ಮಾವ ಶುರು ಮಾಡಿದರು. ನಾಲ್ಕು ಸುತ್ತಾಯಿತು, ಎಂಟಾಯಿತು, ಅಪ್ಪನ ಪತ್ತೆಯೇ ಇಲ್ಲ! ಛತ್ರದ ಬಚ್ಚಲುಮನೆಯ ಚಿಲಕ ಸಿಕ್ಕಿಹಾಕಿಕೊಂಡು ಅಪ್ಪ ಒಳಗೆ ಬಂದಿ. ಉಳಿದಿಬ್ಬರೂ ಹುಡುಕಲು ಇಳಿದು ಹೋದರು. ಮಾವ ಒಬ್ಬರೇ ಮೈಕಿನ ಮುಂದೆ ಇಪ್ಪತ್ತು ನಿಮಿಷ ದುಂ ದುಂ. ಜನ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಸೇರಿಸಿದರು, ಕೊನೆಗೆ ಕಾರ್ಖಾನೆಯ ಹುಡುಗರೆಲ್ಲ ಎದ್ದು ಕುಣಿಯತೊಡಗಿದರು. ಅಂತೂ ಬಾಗಿಲು ಮುರಿಸಿಕೊಂಡು ಬಂದ ಅಪ್ಪ ಬೆವರು ಒರೆಸುತ್ತಾ ಪಲ್ಲವಿ ಎತ್ತಿದರೆ, ಮುಂದಿನ ಸಾಲಿನ ಮುದುಕರೊಬ್ಬರು ಗದರಿದರು: "ಯಾರಪ್ಪ ನೀನು, ಮಧ್ಯದಲ್ಲಿ ಬಂದು ಹಾಡು ಕೆಡಿಸ್ತೀಯಾ!"

ಇಂಥ ಅಪ್ಪನಿಗೆ ಮಾತು ಹೋಯಿತು. ಬಲಗೈ ಬಲಗಾಲು ಸೋತವು, ನಾಲಿಗೆ ಹೊರಳದಾಯಿತು. ದಿನಾ ಮಾತಾಡಿಸಿ, ಆದರೆ ಬಲವಂತ ಬೇಡ ಎಂದರು ಡಾಕ್ಟರು. ನಾವು ಮಾಡಿದ್ದೆಲ್ಲ ಬಲವಂತವೇ. ಅಮ್ಮ ಉಪ್ಪಿನ ಡಬ್ಬಿ ಹಿಡಿದು ನಿಂತು "ಉಪ್ಪು ಅನ್ನಿ, ಉಪ್ಪು" ಎನ್ನುವರು. ನಾನು ಪ್ರೈಮರಿ ಶಾಲೆಯ ಟೀಚರು, ಸುಮ್ಮನಿರುತ್ತೇನೆಯೇ? ಗೋಡೆಗೆ ಅಕ್ಷರಮಾಲೆಯ ಚಾರ್ಟು ತೂಗುಹಾಕಿ ಕೋಲು ಹಿಡಿದು ನಿಂತೆ. ನಾಲ್ಕು ತಾಲ್ಲೂಕಿನ ಮದುವೆಗಳನ್ನು ತಲೆದೂಗಿಸಿದ ಮನುಷ್ಯನಿಗೆ "ಅ ಅರಸ" ಹೇಳಿಕೊಡಲು ಹೊರಟ ನನ್ನ ಬುದ್ಧಿಗೆ ಏನು ಹೇಳಲಿ! ಮೂರನೇ ವಾರ ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಬಾಯಿ ತೆರೆಯುವುದನ್ನೇ ಬಿಟ್ಟರು. ಅವರೇ ಪ್ರಯತ್ನ ಬಿಟ್ಟರೆ ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ ದಿನ ನಾನು ಚಾರ್ಟನ್ನು ಬಿಚ್ಚಿಟ್ಟು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಶಿಡ್ಲಘಟ್ಟದ ಮೊದಲ ಬಸ್ಸಿನಲ್ಲಿ ಮಾವ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದರು. ಹೇಗಿದ್ದೀಯಾ ಎಂದು ಕೇಳಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು, ಹೊಟ್ಟೆ ಸವರಿಕೊಂಡರು, ಶುರು ಮಾಡಿದರು. ದುಂ ದುಂ ದುಂ ದುಂ. ನಾಲ್ಕು ಸುತ್ತು. ಅಪ್ಪನ ಬೆನ್ನು ನೋಡಿದರು. ಮತ್ತೆ ನಾಲ್ಕು. ಅಮ್ಮ ಕಾಫಿ ತಂದರೆ ಕೈಯೆತ್ತಿ ತಡೆದರು. ಅರ್ಧ ಗಂಟೆಯಾದ ಮೇಲೆ "ನಾಳೆ ಬರ್ತೀನಮ್ಮ" ಎಂದು ಆರಿದ ಕಾಫಿ ಕುಡಿದು ಕಾರ್ಖಾನೆಗೆ ಹೊರಟರು. ಹೀಗೇ ದಿನಾ! ಪಕ್ಕದ ಮನೆಯಾಕೆ ವಾರವಿಡೀ ತಡೆದುಕೊಂಡು ಕೊನೆಗೆ ಬಾಗಿಲು ತಟ್ಟಿದರು. "ನಿಮ್ಮ ಸಂಪಿನ ಮೋಟಾರು ಆಫ್ ಮಾಡೋದು ದಿನಾ ಮರೀತೀರ ನೋಡಿ, ಆಗ್ಲಿಂದ ಓಡ್ತಾ ಐತೆ."

ಹನ್ನೆರಡನೇ ದಿನವೋ ಏನೋ, ನನಗೆ ತಾಳ್ಮೆ ಕೆಟ್ಟಿತು.

"ಮಾವ, ಇದು ಸ್ಟೇಜಲ್ಲ. ಅಪ್ಪಂಗೆ ಹಿಂಸೆ ಆಗ್ತಿದೆ."

"ಹಿಂಸೆನಾ?" ಎಂದು ಮಾವ ಹೊದಿಕೆಯ ತುದಿ ಎತ್ತಿದರು. "ಅವನ ಎಡಗಾಲು ನೋಡಮ್ಮ."

ಹೆಬ್ಬೆರಳು ತಾಳ ಹಾಕುತ್ತಿತ್ತು. ಮುಖ ಗೋಡೆಯ ಕಡೆಗೇ ಇತ್ತು, ಆದರೆ ಬೆರಳು ಒಂದು ಏಟನ್ನೂ ತಪ್ಪಿಸುತ್ತಿರಲಿಲ್ಲ.

ಆ ತಿಂಗಳಲ್ಲೇ ಚಿಂತಾಮಣಿಯ ಒಂದು ಮದುವೆಗೆ ತಂಡದ ಕಾರ್ಯಕ್ರಮ ಮೊದಲೇ ಒಪ್ಪಿಕೊಂಡಾಗಿತ್ತು. ಉಳಿದಿಬ್ಬರು ನಮ್ಮ ಮನೆಗೇ ಬಂದು ಮಾವನನ್ನು ಹಿಡಿದರು. "ನೀನೇ ಮುಂದೆ ನಿಂತು ಹಾಡಪ್ಪ. ನಿಂಗೆ ಎಲ್ಲಾ ಹಾಡೂ ಬರ್ತಾವೆ, ನಮಗೆ ಗೊತ್ತಿಲ್ವಾ?" ನಾನು ಬೆರಗಾಗಿ ನೋಡಿದೆ. ಬರುತ್ತಿದ್ದವೇ? ಮಾವ ಇಲ್ಲ ಎನ್ನಲಿಲ್ಲ. ಮಂಚದ ಕಡೆ ಒಮ್ಮೆ ನೋಡಿ, "ಆ ಜಾಗ ಖಾಲಿ ಇಲ್ಲಪ್ಪ" ಎಂದರು. ಮದುವೆಯವರಿಗೆ ಬೇರೆ ತಂಡ ಹುಡುಕಿಕೊಟ್ಟರು.

ಅಪ್ಪ ಪಲ್ಲವಿ ಎತ್ತಿದ್ದು ಅದಾಗಿ ಹತ್ತು ಹನ್ನೆರಡು ದಿನಕ್ಕೆ. ಮೂರು ಸುತ್ತಾಗಿತ್ತು, ನಾಲ್ಕಾಯಿತು, ಗೋಡೆಯ ಕಡೆಯಿಂದ ಒಡಕು ದನಿಯೊಂದು ಬಂತು. ದನಿಯಲ್ಲ, ಪದ! ಪಲ್ಲವಿಯ ಮೊದಲ ಎರಡು ಪದಗಳು, ತೊದಲಿದರೂ ಸ್ಪಷ್ಟವಾಗಿ. ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಮಾವನ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಮೂಗು ಕಟ್ಟಿತ್ತು, ಆದರೂ ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಪ್ಪನೂ ನಿಲ್ಲಿಸಿಬಿಟ್ಟರೆ? ಅಳುತ್ತಲೇ ದುಂ ದುಂ ಎನ್ನುತ್ತಾ ಅಪ್ಪನನ್ನು ಪಲ್ಲವಿಯ ಕೊನೆಯವರೆಗೂ ಕೈಹಿಡಿದು ನಡೆಸಿದರು. ಮುಗಿದ ಮೇಲೆ ಮುಖ ಒರೆಸಿಕೊಂಡು, "ಅರ್ಧ ತಾಳ ಲೇಟು ಕಣೋ" ಎಂದು ಗದರಿದರು. ಅಪ್ಪ ನಮ್ಮ ಕಡೆ ತಿರುಗಿ ಸೊಟ್ಟ ಬಾಯಲ್ಲಿ ನಕ್ಕರು.

ಮಾತು ಹೋದವರಿಗೂ ಹಾಡು ಉಳಿದಿರುವುದುಂಟು, ಆ ದಾರಿ ಹಿಡಿದು ಮಾತೂ ಮರಳಬಹುದು ಎಂದು ಡಾಕ್ಟರು ಆಮೇಲೆ ವಿವರಿಸಿದರು. ಮಾವನಿಗೆ ಹೇಳಿದರೆ, "ಅದೆಲ್ಲ ನಂಗೊತ್ತಿಲ್ಲಮ್ಮ. ಅವ್ನಿನ್ನೂ ಎತ್ತಿರ್ಲಿಲ್ಲ, ಅದಕ್ಕೆ ನಾನು ನಿಲ್ಲಿಸಿರ್ಲಿಲ್ಲ" ಎಂದರು. ನಾನು ಅವರ ಕಾಲು ಮುಟ್ಟಿದೆ. ಅವತ್ತು "ಇದು ಸ್ಟೇಜಲ್ಲ" ಎಂದು ಗದರಿದ್ದಕ್ಕೆ ಕ್ಷಮೆ ಕೇಳಿದೆ. ಈ ಋಣ ತೀರಿಸುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ಆಮೇಲೆ ಎರಡು ತಿಂಗಳು ಅಪ್ಪನ ಬಾಯಿಂದ ಬಂದದ್ದೆಲ್ಲ ಹಾಡಿನ ತುಂಡುಗಳೇ. ಸ್ವಂತ ಮಾತು ಬರಲಿಲ್ಲ. ಬಂದರೆ ಮೊದಲು ನನ್ನ ಹೆಸರೇ ಕರೆಯುತ್ತಾರೆ ಎಂದು ನಾನು, ತನ್ನನ್ನೇ ಎಂದು ಅಮ್ಮ, ಇಬ್ಬರೂ ಒಳಗೊಳಗೇ ಕಾದಿದ್ದೆವು. ಒಂದು ಬೆಳಿಗ್ಗೆ ನಾನು ಅವರ ತಲೆ ಬಾಚುತ್ತಿದ್ದೆ. ಬಸ್ಸು ತಡವಾಗಿತ್ತೋ ಏನೋ, ಪಕ್ಕದ ಕುರ್ಚಿ ಇನ್ನೂ ಖಾಲಿಯಿತ್ತು. ಅಪ್ಪ ಬಾಚಣಿಗೆ ಹಿಡಿದಿದ್ದ ನನ್ನ ಕೈಯನ್ನು ತಡೆದರು. ತುಟಿ ಎರಡು ಮೂರು ಸಲ ಅಲುಗಿತು. ಆಮೇಲೆ ರಾಗವಿಲ್ಲದೆ, ತಾಳವಿಲ್ಲದೆ, ಬರೀ ಮಾತಿನಲ್ಲಿ ಕೇಳಿದರು:

"ಅವನು... ಬಂದ್ನಾ?"